ಮಿಣುಕುಗಲ್ಲಿಗೆ ಹುಣಸೆಹಣ್ಣು

ಮೈಸೂರಿನ ಮಾರುಕಟ್ಟೆಯ ಹಿಂದಿನ ಫುಟ್‌ಪಾತಿನಲ್ಲಿ ಒಬ್ಬರು ಕಲ್ಲಿನ ಉಂಗುರ ಮಾರಲು ಕೂರುತ್ತಾರೆ. ನೀಲಿ ಟಾರ್ಪಾಲಿನ ಮೇಲೆ ಕೆಂಪು, ಹಸಿರು, ಹಾಲುಬಿಳಿ ಕಲ್ಲುಗಳು. ಅವುಗಳ ನಡುವೆ ಕಾಯಿಸಿದ ಬೆಲ್ಲದ ಬಣ್ಣದ್ದು ಒಂದಿಷ್ಟು. ಸುಮ್ಮನೆ ಇಟ್ಟರೆ ಅವು ಹೆಂಚಿನ ಚೂರಿನ ಹಾಗೆ ಬಿದ್ದಿರುತ್ತವೆ. ಎತ್ತಿ ಕೊಂಚ ಅಲುಗಿಸಿದಿರೋ, ಒಳಗಿನಿಂದ ತಾಮ್ರದ ಕಿಡಿಗಳು ಗುಂಪುಗುಂಪಾಗಿ ಏಳುತ್ತವೆ. ಮೊನ್ನೆ ಅಂಥದೊಂದನ್ನು ಎತ್ತಿ ನೋಡುತ್ತಿದ್ದಾಗ ಆತ, "ಸೂರ್ಯಕಾಂತ ಶಿಲೆ ಮೇಡಂ, ಹಿಮಾಲಯದ್ದು. ಹಾಕ್ಕೊಂಡ್ರೆ ಕೋರ್ಟ್ ಕೇಸಿಂದ ಹಿಡಿದು ಗ್ಯಾಸ್ಟ್ರಿಕ್‌ವರೆಗೂ ಎಲ್ಲ ಸರಿಹೋಗ್ತದೆ" ಎಂದರು.

ಸುಮ್ಮನಿರಬಹುದಿತ್ತು. ಆದರೆ ನಾನು ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳ ಗಂಟೆ ಕೇಳುತ್ತ ಬೆಳೆದವಳು. ಯಾರಾದರೂ ಆಧಾರವಿಲ್ಲದ ಒಂದು ಮಾತಾಡಿದರೆ ಸಾಕು, ತಲೆಯೊಳಗೆ ಆ ಗಂಟೆ ಹೊಡೆಯುತ್ತದೆ. ನನ್ನ ಸರದಿ ಬಂತೆಂದು ಬಾಯಿ ತಾನೇ ತೆರೆದುಕೊಳ್ಳುತ್ತದೆ. ಇದು ಕಲ್ಲೇ ಅಲ್ಲ, ಗಾಜು. ಹಿಮಾಲಯದಲ್ಲಿ ಹುಟ್ಟಿದ್ದಲ್ಲ, ಕುಲುಮೆಯಲ್ಲಿ ಹುಟ್ಟಿದ್ದು. ಗಾಜಿಗೆ ಗ್ಯಾಸ್ಟ್ರಿಕ್ ವಾಸಿಮಾಡುವ ಗುಣವಿದ್ದರೆ ಮನೆಯ ಕಿಟಕಿಗಳೇ ಸಾಕಾಗಿತ್ತು ಎಂದೆಲ್ಲ ಹೇಳಿದೆ. ಆತ ಅಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲ ಸರಿ ಮೇಡಂ, ನಿಮ್ಮ ಬೆರಳಿಗೆ ಯಾವ ಸೈಜು?" ಎಂದರು.

ಇಷ್ಟು ಚೊಕ್ಕವಾಗಿ ನನ್ನನ್ನು ಸೋಲಿಸಿದವರು ಅದಕ್ಕೆ ಮುಂಚೆ ಒಬ್ಬರೇ. ಊರಿಗೆ ಹೋಗುವ ಕೋಟೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಅವರ ನೆನಪಾಗಿ ನಗು ಬಂತು. ಅವರು ಹಂಪಾಪುರದ ನಮ್ಮ ಮನೆಯಲ್ಲೇ ಇದ್ದಾರೆ, ನನ್ನ ಅಪ್ಪನ ತಾಯಿ. ಅದೇ ತಾಮ್ರಬಣ್ಣದ ಗಾಜಿನ ಉಂಡೆಯೊಂದು, ಹೆಚ್ಚುಕಡಿಮೆ ಹುಣಸೆಬೀಜಕ್ಕಿಂತ ದೊಡ್ಡದು, ನೆಲ್ಲಿಕಾಯಿಗಿಂತ ಚಿಕ್ಕದು, ಅವರ ಪೆಟ್ಟಿಗೆಯಲ್ಲಿ ಅರಿಸಿನದ ಬಟ್ಟೆಯ ಗಂಟಿನೊಳಗಿದೆ. ಅದಕ್ಕೆ ನಮ್ಮ ಮನೆಯಲ್ಲಿ ಮಿಣುಕುಗಲ್ಲು ಎಂದು ಹೆಸರು.

ಅಜ್ಜಿಯ ಬಗ್ಗೆ ಮೊದಲು ಹೇಳಬೇಕು. ನಮ್ಮ ಬೀದಿಯಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಪುರುಡು ಕಳೆಯುವ ದಿನದ ಎಣ್ಣೆನೀರು ಅಜ್ಜಿಯದೇ. ಕರೆಯಲು ಬಂದವರು ಎಲೆ ಅಡಿಕೆ ಇಟ್ಟರೆ ಮುಗಿಯಿತು. ಅಜ್ಜಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂರುವುದು. ಮೊಣಕಾಲ ಕೆಳಗಿನ ಆ ಎರಡು ಕಾಲುಗಳ ನಡುವಿನ ಹಳ್ಳದಲ್ಲಿ ಕೂಸನ್ನು ಬೋರಲು ಮಲಗಿಸಿಕೊಂಡು ತೀಡುವುದು. ಆಮೇಲೆ ತಾಮ್ರದ ತಪ್ಪಲೆಯಲ್ಲಿ ಬೆರೆಸಿದ ನೀರಿಗೆ ಮೊಣಕೈ ಅದ್ದಿ ಹದ ನೋಡಿ, ಮಿಣುಕುಗಲ್ಲನ್ನು ಬಿಟ್ಟು, ಆ ನೀರನ್ನೇ ಚೆಂಬಲ್ಲಿ ಮೊಗೆದು ಸುರಿಯುವುದು. ತಪ್ಪಲೆಯ ತಳದಿಂದ ಕಲ್ಲು ಕೂಸನ್ನು ನೋಡುತ್ತದಂತೆ. ನೋಡಿದ ಮೇಲೆ ಬೇರೆ ಯಾರ ಕಣ್ಣೂ ತಾಕುವುದಿಲ್ಲವಂತೆ. ನಮ್ಮ ಬೀದಿಯ ಅರ್ಧ ಜನ ಆ ಕಲ್ಲಿನಿಂದ ನೋಡಿಸಿಕೊಂಡವರೇ. ಅವರಲ್ಲಿ ಕೆಲವರು ಈಗ ಹೇಗಿದ್ದಾರೆಂದು ನೋಡಿದರೆ ಕಲ್ಲಿನ ಪ್ರಭಾವದ ಬಗ್ಗೆ ಒಂದು ಒಳ್ಳೆಯ ಚರ್ಚೆಯನ್ನೇ ಏರ್ಪಡಿಸಬಹುದು. ಅದಿರಲಿ.

ಚಿಕ್ಕವಳಿದ್ದಾಗ ಬಚ್ಚಲ ಬಾಗಿಲ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನೆಲ್ಲ ನೋಡುವ ಹಕ್ಕು ನನಗಿತ್ತು. ತೆಂಗಿನ ಸಿಪ್ಪೆ ಉರಿದ ಹೊಗೆ, ಬಿಸಿನೀರ ಹಬೆ, ಹರಳೆಣ್ಣೆ ವಾಸನೆ. ಕೂಸು ಮೊದಲ ಚೆಂಬಿಗೆ ಕಿರುಚುತ್ತದೆ, ಎರಡನೆಯದಕ್ಕೆ ದಂಗಾಗುತ್ತದೆ, ಆಮೇಲೆ ಬೆಚ್ಚಗೆ ಕಣ್ಣು ಮುಚ್ಚುತ್ತದೆ. ನನಗೆ ಕೂಸಿಗಿಂತ ತಪ್ಪಲೆಯ ಮೇಲೆ ಕಣ್ಣು. ಅಜ್ಜಿ ಚೆಂಬು ಅದ್ದಿದಾಗೆಲ್ಲ ನೀರು ಅಲುಗುತ್ತಿತ್ತು, ತಳದಲ್ಲಿ ಕಲ್ಲು ಹೊರಳುತ್ತಿತ್ತು, ಆಕಾಶದ ಒಂದು ಚೂರು ಅಲ್ಲಿ ಕಳಚಿಬಿದ್ದ ಹಾಗೆ ನಕ್ಷತ್ರಗಳು ಮಿಣಮಿಣ ಎನ್ನುತ್ತಿದ್ದವು.

ಆ ಕಲ್ಲನ್ನು ಸುಮ್ಮಸುಮ್ಮನೆ ತೆಗೆಯುವ ಹಾಗಿರಲಿಲ್ಲ. ಕೂಸಿದ್ದರೆ ಮಾತ್ರ ಗಂಟು ಬಿಚ್ಚುವುದು. ಅದೂ ಗಂಟನ್ನು ಹಾಗೇ ನೀರಿನಲ್ಲಿ ನೆನೆಸಿ. ಬಿಚ್ಚಿದ ಕೂಡಲೇ ಅಜ್ಜಿ ಅದನ್ನು ತಪ್ಪಲೆಯ ಜೊತೆಗೇ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಗಸಗಸ ತಿಕ್ಕುತ್ತಿದ್ದರು. ತಾಮ್ರದ ಬಣ್ಣವಿದ್ದದ್ದು ತಾಮ್ರದ ನೆಂಟ. ತಾಮ್ರದ ನೆಂಟನಿಗೆ ಹುಣಸೆಹಣ್ಣಿಲ್ಲದೆ ಹೊಳಪು ಬರುವುದುಂಟೇ? ತಿಕ್ಕಿ, ತೊಳೆದು, ಹಸಿಹಸಿಯಾಗೇ ನೀರಿಗೆ. ನೀರಿಂದ ತೆಗೆದು ಹಸಿಹಸಿಯಾಗೇ ಬಟ್ಟೆಗೆ. ಮತ್ತೆ ಪೆಟ್ಟಿಗೆಗೆ. ಒಣಗಿದ ಮಿಣುಕುಗಲ್ಲನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಈ ಒಂದು ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ.

ಅದು ಮನೆಗೆ ಬಂದದ್ದು ತಾತನಿಂದ. ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟುವಾಗ ತಾತ ಅಲ್ಲಿ ಬಂಡೆ ಒಡೆಯುವ ಗುಂಪಿನಲ್ಲಿದ್ದರು. ಅಪ್ಪ ಹುಟ್ಟಿದ ಸುದ್ದಿ ಕೇಳಿ ಮನೆಗೆ ಬಂದವರು ಟವೆಲಿನ ಅಂಚಿನಿಂದ ಇದನ್ನು ಬಿಚ್ಚಿ ಅಜ್ಜಿಯ ಅಂಗೈಯಲ್ಲಿಟ್ಟು, ಹೊಳೆಯ ತಳದ ಬಂಡೆ ಒಡೆದಾಗ ಒಳಗಿತ್ತು ಎಂದರಂತೆ. ಅಷ್ಟೇ. ತಾತ ಬಹಳ ಕಡಿಮೆ ಮಾತಿನ ಮನುಷ್ಯ. ಆ ಗುಣ ಒಂದು ತಲೆಮಾರು ಹಾರಿ ಇನ್ನೊಂದಕ್ಕೆ ಬರುತ್ತದೆ ಎನ್ನುವ ವಾದಕ್ಕೆ ನಾನೇ ಜೀವಂತ ಖಂಡನೆ.

ಕಾಲೇಜಿನಲ್ಲಿ ಒಮ್ಮೆ ಚರ್ಚೆಗೆ, ನಕಲಿಯಾದದ್ದು ಅಸಲಿಗಿಂತ ಕೀಳಲ್ಲ ಎನ್ನುವ ವಿಷಯ ಬಂತು. ಚೀಟಿ ಎತ್ತಿದಾಗ ನನಗೆ ಪರವಾಗಿ ಮಾತಾಡುವ ಸರದಿ. ಉದಾಹರಣೆ ಹುಡುಕುತ್ತ ಲೈಬ್ರರಿಯಲ್ಲಿ ಗಾಜಿನ ಬಗೆಗಿನ ದಪ್ಪ ಪುಸ್ತಕವೊಂದನ್ನು ತೆರೆದರೆ ಅದರ ಬಣ್ಣದ ಪುಟದಲ್ಲಿ ನಮ್ಮ ಮಿಣುಕುಗಲ್ಲು! ಹೆಸರು ಅವೆಂಚುರಿನ್ ಗಾಜು. ವೆನಿಸ್ ಊರಿನ ಪಕ್ಕದ ಒಂದು ದ್ವೀಪದಲ್ಲಿ ಗಾಜು ಮಾಡುವವರ ಮನೆತನವೊಂದು ನೂರಾರು ವರ್ಷಗಳ ಹಿಂದೆ ಇದರ ಗುಟ್ಟನ್ನು ಯಾರಿಗೂ ಬಿಡದೆ ಕಾಪಾಡಿಕೊಂಡು ಬಂದಿತ್ತಂತೆ. ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ ಕೊನೆಗೆ ಯಾರಿಗೂ ಗೊತ್ತಿಲ್ಲದ ಹಾಗಾಗಿ, ಆಮೇಲಿನವರು ಮತ್ತೆ ಮೊದಲಿಂದ ಕಂಡುಹಿಡಿಯಬೇಕಾಯಿತು. ಕುಲುಮೆಯವನೊಬ್ಬನ ಕೈಯಿಂದ ಕರಗಿದ ಗಾಜಿನೊಳಗೆ ತಾಮ್ರದ ಚೂರು ಜಾರಿ ಬಿತ್ತು, ಅದರಿಂದ ಇದು ಹುಟ್ಟಿತು, ಆಕಸ್ಮಿಕ ಎನ್ನುವ ಅವರ ಭಾಷೆಯ ಮಾತೇ ಹೆಸರಾಯಿತು ಎಂಬುದು ಒಂದು ಕತೆ. ಇಲ್ಲ, ಮಠದ ಸನ್ಯಾಸಿಗಳು ಚಿನ್ನ ಮಾಡಲು ಹೊರಟು ಇದನ್ನು ಮಾಡಿಟ್ಟರು ಎಂಬುದು ಇನ್ನೊಂದು. ಎರಡನ್ನೂ ನಾನು ನಂಬುವುದಿಲ್ಲ. ಚೂರು ಬಿದ್ದಷ್ಟಕ್ಕೇ ಇಂಥದ್ದು ಆಗುವಂತಿದ್ದರೆ ಗುಟ್ಟು ಕಾಯುವ ಕಷ್ಟವೇ ಇರುತ್ತಿರಲಿಲ್ಲ. ಆದರೆ ಅಲ್ಲೇ ಇನ್ನೊಂದು ಸಂಗತಿಯಿತ್ತು, ಅದನ್ನು ಓದಿ ನಾನು ಕುರ್ಚಿಯಿಂದೆದ್ದೆ: ಭೂಮಿಯೊಳಗೆ ಸಿಗುವ ಮಿನುಗುವ ಅಸಲಿ ಕಲ್ಲೊಂದಕ್ಕೆ ಈ ಗಾಜನ್ನು ಹೋಲುತ್ತದೆಂದು ಗಾಜಿನ ಹೆಸರನ್ನೇ ಇಟ್ಟಿದ್ದರು. ನಕಲಿಯ ಹೆಸರು ಅಸಲಿಗೆ! ಆ ಒಂದು ಅಂಶದಿಂದ ನಾನು ಗೆದ್ದೆ. ಬಹುಮಾನವಾಗಿ ಬಂದ ಕಪ್ಪಿನ ಚಿನ್ನದ ಬಣ್ಣ ಮುಂದಿನ ಮಳೆಗಾಲಕ್ಕೇ ಸುಲಿದುಹೋಯಿತು.

ಅಜ್ಜಿಗೆ ಮಾತ್ರ ಹೇಳಲಿಲ್ಲ. ನಮ್ಮದನ್ನು ನಾನು ಪರೀಕ್ಷಿಸಿಲ್ಲವಲ್ಲ, ಚಿತ್ರ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ನಿಜವಾದ ಕಾರಣ ಆ ತಪ್ಪಲೆಯ ತಳದ ನಕ್ಷತ್ರಗಳು.

ಹೋದ ವರ್ಷ ಬೇಸಗೆಯ ಆರಂಭದಲ್ಲಿ ಅಕ್ಕ ಹೆರಿಗೆಗೆ ಮನೆಗೆ ಬಂದಳು. ಅವಳನ್ನು ಕೊಟ್ಟದ್ದು ಚುಂಚನಕಟ್ಟೆಗೆ. ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಕೇಳಿದ ಮೊದಲ ಮಾತೇ, ಅಜ್ಜಿ ಎಣ್ಣೆ ಕಾಯಿಸಿಟ್ಟಿದೆಯಾ ಎಂದು. ನಾನು ರಜೆ ಹಾಕಿ ಬಂದವಳು ಬಾಣಂತಿ ಕೋಣೆಯ ಸುಧಾರಣೆ ಕೈಗೆತ್ತಿಕೊಂಡೆ. ಆಶಾ ಕಾರ್ಯಕರ್ತೆಯ ಬೆಂಬಲ ನನಗಿತ್ತು. ಕೂಸಿನ ಎಳೇ ಪುಪ್ಪುಸಕ್ಕೆ ಹೊಗೆ ಆಗದು ಎಂದು ಮಂಚದ ಕೆಳಗಿನ ಕೆಂಡದ ಬಾಂಡಲಿಯನ್ನು ಹೊರಗೆ ಹಾಕಿಸಿದೆ, ಕಿಟಕಿ ತೆರೆಸಿದೆ. ನಾನು ಅತ್ತ ಹೋದಾಗ ಅಜ್ಜಿ ಕಿಟಕಿ ಮುಚ್ಚುತ್ತಿದ್ದರು. ಇತ್ತ ಬಂದು ನಾನು ತೆರೆಯುತ್ತಿದ್ದೆ.

ಆ ಸಲ ನನ್ನ ಗೆಳತಿಯೊಬ್ಬಳ ಭೂತಗನ್ನಡಿ ತಂದಿದ್ದೆ. ಅದರಲ್ಲಿ ನೋಡಿದರೆ ಈ ಗಾಜಿನೊಳಗಿನ ತಾಮ್ರ ಮೂರು ಮೂಲೆಯ, ಆರು ಮೂಲೆಯ ಪುಟ್ಟ ತಗಡುಗಳಾಗಿ ಕಾಣುತ್ತದೆಂದು ಓದಿದ್ದೆ. ಕಲ್ಲು ತೋರಿಸು ಎಂದು ಅಜ್ಜಿಯನ್ನು ಕಾಡಿದೆ. ನೀರಿನ ದಿನಕ್ಕೆ ಮುಂಚೆ ತೆಗೆಯುವಂತಿಲ್ಲ ಎಂದರು. ಕೂಸು ಹುಟ್ಟಿಯಾಯಿತಲ್ಲ, ಕೂಸಿದ್ದರೆ ತೆಗೆಯಬಹುದು ಎನ್ನುವುದು ತಾನೇ ನಿನ್ನ ನಿಯಮ ಎಂದೆ. ನಿಯಮದ ಸಂದಿಯಲ್ಲಿ ನುಗ್ಗುವುದು ನನ್ನ ವಿದ್ಯೆ. ಅಜ್ಜಿ ನಗುತ್ತ ಪೆಟ್ಟಿಗೆ ತೆರೆದು, ಜಗಲಿಯ ಬಿಸಿಲಿಗೆ ಬಂದು ಗಂಟು ಬಿಚ್ಚಿದರು.

ಒಳಗಿದ್ದದ್ದು ಬೂದಿ ಮೆತ್ತಿದ ಹಾಗಿನ ಒಂದು ಮಂಕು ಉಂಡೆ. ಅಜ್ಜಿ ಸೆರಗಿನಿಂದ ಒರೆಸಿದರು. ಬಿಸಿಲಿಗೆ ಹಿಡಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಒಂದು ಕಿಡಿಯೂ ಏಳಲಿಲ್ಲ.

"ಇದರ ಕಣ್ಣು ಓಯ್ತು ಕಣವ್ವ" ಎಂದರು, ಬಹಳ ಮೆಲ್ಲಗೆ.

ಮತ್ತೆ ಗಂಟು ಕಟ್ಟಿ ಒಳಗೆ ಹೋದವರು ಅಮ್ಮನಿಗೆ, ನೀರಿಗೆ ಬೇರೆ ಯಾರನ್ನಾದರೂ ಕರೆಸು, ನನ್ನ ಕೈಗುಣ ಮುಗಿಯಿತು ಎಂದು ಹೇಳಿಬಿಟ್ಟರು. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅಪ್ಪ ಗದ್ದೆಯಿಂದ ಬಂದು ಹೇಳಿದರೂ ಇಲ್ಲ. ಅಕ್ಕ ಕೋಣೆಯೊಳಗಿಂದಲೇ ಅತ್ತಳು; ತನ್ನನ್ನೂ ತಂಗಿಯನ್ನೂ ತೊಳೆದ ಕೈ ತನ್ನ ಕೂಸಿಗೆ ಇಲ್ಲವೆಂದರೆ ತಾನು ಇಲ್ಲಿಗೆ ಯಾಕೆ ಬರಬೇಕಿತ್ತು, ಗಂಡನ ಊರಲ್ಲೇ ಆಸ್ಪತ್ರೆ ಇರಲಿಲ್ಲವೇ ಎಂದಳು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಅಷ್ಟು ವರ್ಷದಿಂದ ಗಂಟಲ್ಲಿ ಮಲಗಿದ್ದ ಕಲ್ಲು ನಿನಗೇನೇ ಅಡ್ಡ ಬಂದಿತ್ತು?" ಎಂದರು.

ಕಲ್ಲು ಯಾಕೆ ಮಂಕಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಗಾಜನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಅಪ್ಪನ ಕಾಲದಿಂದ ಬಿದ್ದ ಗೀರುಗಳು. ಬಹುಶಃ ನಾವು ಹುಟ್ಟುವ ಮುಂಚೆಯೇ ಅದು ಮಂಕಾಗಿತ್ತು. ಒಣಗಿದ್ದನ್ನು ಯಾರೂ ನೋಡದ ಕಾರಣ ಯಾರಿಗೂ ತಿಳಿಯಲಿಲ್ಲ. ಅಂದರೆ ಅಜ್ಜಿಯ ಕೈಯಿಂದ ಏನೂ ಹೋಗಿರಲಿಲ್ಲ. ಆದರೆ ಇಷ್ಟನ್ನು ಹೇಳಬೇಕಾದರೆ ಮೊದಲು ಅದು ಗಾಜು ಎನ್ನಬೇಕು. ಗಾಜು ಎಂದರೆ ಹೊಳೆ ತಳದ ಬಂಡೆಯಲ್ಲಿ ಹುಟ್ಟಿದ್ದಲ್ಲ ಎನ್ನಬೇಕು. ಮಗ ಹುಟ್ಟಿದ ದಿನ ಟವೆಲಿನ ಅಂಚು ಬಿಚ್ಚಿದ ಮನುಷ್ಯನನ್ನು ಸುಳ್ಳುಗಾರ ಎನ್ನಬೇಕು. ಯಾವ ಪಕ್ಷ ವಹಿಸಿದರೂ ಎದುರಿಗಿರುವುದು ಅಜ್ಜಿಯೇ. ಸುಮ್ಮನೆ, ಕಲ್ಲಿಗೆ ಕಣ್ಣು ಬಂದಿದೆ, ನಾಲ್ಕು ದಿನಕ್ಕೆ ವಾಸಿಯಾಗುತ್ತದೆ ಎಂದು ಏನಾದರೊಂದು ಕತೆ ಕಟ್ಟಬಹುದಿತ್ತು. ನನಗೆ ಅದು ಬರುವುದಿಲ್ಲ. ಪ್ರಯತ್ನಿಸಿದಾಗೆಲ್ಲ ಮುಖ ನೋಡಿ ಜನ ಕಂಡುಹಿಡಿದುಬಿಡುತ್ತಾರೆ.

ಮರುದಿನ ಮಧ್ಯಾಹ್ನ ಅಜ್ಜಿ ಹಿತ್ತಲಲ್ಲಿ ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಬೀಜ ಬಿಡಿಸುತ್ತಿದ್ದರು. ನಾನೂ ಒಂದು ಕಲ್ಲು ಹಿಡಿದು ಕೂತೆ. ಕುಟ್ಟಿ, ಬೀಜ ತೆಗೆದು, ನಾರು ಎಳೆದು ಹಾಕುತ್ತ, ಮಾತನ್ನು ಸುತ್ತಿ ಬಳಸಿ, ಕೊನೆಗೆ ಅದು ಗಾಜು ಎಂದೆ.

ಅಜ್ಜಿ ತಲೆಯೆತ್ತಲಿಲ್ಲ. "ಬಳೆ ಗಾಜಾ?"

"ಬಳೆ ಗಾಜಿನ ಜಾತೀದೇ. ಆದ್ರೆ ಮಾಡೋದು ಬೇರೆ ಥರ."

"ಎಂಗೆ ಮಾಡ್ತಾರೆ?"

ಹೇಳಿದೆ. ಮರಳು, ಸೋಡಾ, ಸುಣ್ಣ ಕರಗಿಸಿ, ಅದಕ್ಕೆ ತಾಮ್ರದ ಬೂದಿ ಬೆರೆಸುತ್ತಾರೆ. ಹಾಗೇ ಬಿಟ್ಟರೆ ನಿನ್ನ ತಪ್ಪಲೆಗೆ ಕಿಲುಬು ಹತ್ತಿದ ಹಾಗೆ ಗಾಜೆಲ್ಲ ಹಸಿರೋ ನೀಲಿಯೋ ಆಗಿಬಿಡುತ್ತದೆ. ಅದಕ್ಕೆ ಗಾಳಿ ತಾಕದ ಹಾಗೆ ಕುಲುಮೆಯ ಬಾಯಿ ಮುಚ್ಚುತ್ತಾರೆ. ಗಾಳಿ ಇಲ್ಲದಿದ್ದರೆ ತಾಮ್ರ ಬೂದಿಯಾಗಿ ಉಳಿಯುವುದಿಲ್ಲ, ಮತ್ತೆ ತಾಮ್ರವೇ ಆಗಿ ಗಾಜಿನೊಳಗೆ ಚೂರುಚೂರಾಗಿ ಹುಟ್ಟುತ್ತದೆ. ಒಮ್ಮೆಲೇ ಹುಟ್ಟುವುದಿಲ್ಲ, ನಿಧಾನ. ಬಿಸಿ ಇಳಿಸುವುದೂ ನಿಧಾನ. ದಿನಗಟ್ಟಲೆ ಯಾರೂ ಬಾಗಿಲು ತೆರೆಯುವಂತಿಲ್ಲ. ಅವಸರ ಮಾಡಿ ತೆರೆದರೆ ಕೆಟ್ಟಿತು. ತಣ್ಣಗಾದ ಮೇಲೆ ಗಾಜು ಕರಗಿಸಿದ ಮಣ್ಣಿನ ಮೂಸೆ ಒಡೆದು ನೋಡಿದರೆ ಅಂಚಿನದೆಲ್ಲ ಕರಕು, ನಡುವಿನದು ಮಾತ್ರ ಹೀಗೆ.

ಅಜ್ಜಿಯ ಕೈ ನಿಂತಿತ್ತು. ಮುಖದ ಮೇಲೆ, ತನಗೆ ಗೊತ್ತಿದ್ದವರ ಸುದ್ದಿಯನ್ನು ದೂರದ ಊರಿನವರ ಬಾಯಲ್ಲಿ ಕೇಳಿದ ಹಾಗಿನ ಭಾವ.

"ಬಾಣಂತನ ಅನ್ನು ಮತ್ತೆ" ಎಂದರು. "ಬೆಚ್ಚಗೆ ಮಡಗಬೇಕು, ಗಾಳಿ ಸೋಕಬಾರ್ದು, ಬಿರ್ರನೆ ಆಚೆಗೆ ತರಬಾರ್ದು. ಅದೇ ತಾನೇ?"

ಹೌದೆಂದೆ. ಹೌದೆನ್ನುತ್ತಲೇ ಗುಂಡಿಗೆ ಬಿದ್ದದ್ದು ತಿಳಿಯಿತು.

"ಅಂಗಾರೆ ಓಗಿ ಆ ಕಿಟಕಿ ಮುಚ್ಚಿ ಬಾ."

ಕೂಸು ಗಾಜಲ್ಲ, ಉಸಿರಾಡುತ್ತದೆ, ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು ಎಂದು ವಾದಿಸಿದೆ. ಹೋಲಿಕೆಗಳ ತೊಂದರೆಯೇ ಇದು. ನಾವು ಕೊಟ್ಟದ್ದನ್ನು ಎದುರಾಳಿ ಬಳಸಿಕೊಳ್ಳುತ್ತಾನೆ. ಕೊನೆಗೆ ಕಿಟಕಿಯ ಒಂದು ಬಾಗಿಲು ಮುಚ್ಚುವುದು, ಒಂದು ತೆರೆಯುವುದು, ಕೆಂಡ ಮಾತ್ರ ಒಳಕ್ಕೆ ತರಕೂಡದು ಎಂದು ಒಪ್ಪಂದವಾಯಿತು. ಆ ಒಪ್ಪಂದ ಅಕ್ಕ ಚುಂಚನಕಟ್ಟೆಗೆ ಹೊರಡುವವರೆಗೂ ನಡೆಯಿತು.

ಅಜ್ಜಿ ಮತ್ತೆ ಬೀಜ ಬಿಡಿಸತೊಡಗಿದರು. ನಾನು ಕಾಯುತ್ತಿದ್ದ ಪ್ರಶ್ನೆ ಬರಲೇ ಇಲ್ಲ. ತಡೆಯಲಾರದೆ ನಾನೇ ಕೇಳಿದೆ: ತಾತ ಬಂಡೆಯೊಳಗಿತ್ತು ಅಂದಿದ್ದರಲ್ಲ?

"ಅಣೆಕಟ್ಟೆ ತಾವ ಕೇರಳದಿಂದ ಮಣಿಸರ ಮಾರೋರು ಬತ್ತಿದ್ರು" ಎಂದರು ಅಜ್ಜಿ. ಇನ್ನೊಂದು ಬೀಜ ತೆಗೆದು, "ನಿಮ್ ತಾತ ಜೀವಮಾನದಲ್ಲಿ ಆಡಿದ್ದೇ ನಾಕು ಮಾತು. ಅದ್ರಲ್ಲಿ ಒಂದು ಸುಳ್ಳಿದ್ರೆ ಇರ್ಲಿ ಬುಡು" ಎಂದರು. ನಾರು ಎಳೆದು ಹಾಕುತ್ತ ತಮ್ಮಷ್ಟಕ್ಕೇ ನಕ್ಕರು. "ಆ ಮೂಗನಿಗೆ ಅಷ್ಟುದ್ದ ಕತೆ ಕಟ್ಟಾಕೆ ಬೀಚನಳ್ಳಿಯಿಂದ ಇಲ್ಲೀಗಂಟ ನಡೀಬೇಕಾಗಿತ್ತೋ ಏನೋ."

ನನ್ನ ಎದೆಯ ಮೇಲಿಂದ ಕಲ್ಲು ಸರಿದ ಹಾಗಾಯಿತು. ಮಿಕ್ಕದ್ದು ಸುಲಭ ಎಂದುಕೊಂಡೆ. ಗೀರುಗಳ ವಿಷಯ ಹೇಳಿದೆ. ಇದರೊಳಗಿನ ತಾಮ್ರ ಗಾಜಿನ ಒಳಗೇ ಹುಟ್ಟಿ ಒಳಗೇ ಇರುವುದರಿಂದ ಅದಕ್ಕೆ ಕಿಲುಬೇ ಹತ್ತುವುದಿಲ್ಲ, ಹುಣಸೆಹಣ್ಣು ಎಂದೂ ಬೇಕಿರಲಿಲ್ಲ, ಮಂಕಾಗಿರುವುದು ಮೇಲಿನ ಚರ್ಮ ಮಾತ್ರ, ಮೈಸೂರಿಗೆ ಕೊಂಡೊಯ್ದು ಪಾಲಿಶ್ ಹಾಕಿಸಿದರೆ ಹೊಸದರಂತಾಗುತ್ತದೆ, ಆದ್ದರಿಂದ ನೀರು ಹಾಕಲು ನಿನಗೆ ಯಾವ ಅಡ್ಡಿಯೂ ಇಲ್ಲ. ಹಂತ ಹಂತವಾಗಿ ಕಟ್ಟಿದ ವಾದ. ಎಲ್ಲೂ ಬಿರುಕಿಲ್ಲ.

ಅಜ್ಜಿ ಬಲಗೈಯನ್ನು ನನ್ನ ಮುಂದೆ ಚಾಚಿದರು. ಹುಣಸೆಹಣ್ಣು ಮೆತ್ತಿದ್ದ ಬೆರಳುಗಳು, ಗಾಳಿಯೇ ಇಲ್ಲದ ಹಿತ್ತಲಲ್ಲಿ, ಎಲೆಯ ಹಾಗೆ ಅಲುಗುತ್ತಿದ್ದವು.

"ಇದನ್ನೂ ಮೈಸೂರಿಗೆ ತಕ್ಕೊಂಡೋಗಿ ಪಾಲಿಸ್ ಆಕಿಸ್ಕೊಂಡು ಬತ್ತೀಯ?"

ಅಷ್ಟು ದಿನ ಒಂದೇ ಮನೆಯಲ್ಲಿ ಕಿಟಕಿಗಾಗಿ ಜಗಳವಾಡುತ್ತ ನಾನು ಅದನ್ನು ಕಂಡಿರಲಿಲ್ಲ. ಲೋಟದ ತುಂಬ ಕಾಫಿ ಬೇಡ, ಅರ್ಧ ಹಾಕು ಎನ್ನುತ್ತಿದ್ದದ್ದು. ಕೂಸನ್ನು ಎತ್ತಿಕೋ ಎಂದರೆ, ಮಲಗಿದೆ ಬಿಡು ಎಂದು ತೊಟ್ಟಿಲನ್ನಷ್ಟೇ ತೂಗುತ್ತಿದ್ದದ್ದು. ಕಲ್ಲಿನ ಕಣ್ಣು ಹೋದದ್ದು ಅಜ್ಜಿಗೆ ಒಂದು ನೆಪ. ಆ ಕೈಗಳು ಕೂಸನ್ನು ಜಾರಿಸಿಬಿಟ್ಟಾವೆಂದು ಅವರು ಎಷ್ಟು ದಿನದಿಂದ ಒಬ್ಬರೇ ಹೆದರುತ್ತಿದ್ದರೋ. ಹುಣಸೆಹಣ್ಣು ಕುಟ್ಟುತ್ತ ಕೂತೆ.

ಪುರುಡು ಕಳೆಯುವ ದಿನ ಬಂತು. ಬೇರೆಯವರನ್ನು ಕರೆಸಲು ಅಕ್ಕ ಬಿಡಲಿಲ್ಲ. ಹಾಗಾದರೆ ನಾನೇ ಹಾಕುತ್ತೇನೆ ಎಂದೆ. ಸಣ್ಣಂದಿನಿಂದ ನೋಡಿದ್ದೇನೆ, ಇದರಲ್ಲಿ ಕಲಿಯುವುದೇನಿದೆ? ಅಮ್ಮ ನೀರು ಬೆರೆಸಿಟ್ಟರು. ತಿಕ್ಕಿದ ತಪ್ಪಲೆ ಥಳಥಳ ಎನ್ನುತ್ತಿತ್ತು. ಅಕ್ಕನ ಹಟಕ್ಕೆ ಮಿಣುಕುಗಲ್ಲನ್ನೂ ತಂದು, ಇಟ್ಟಿಗೆ ಪುಡಿ ತಾಕಿಸದೆ, ಒಣಗಿದ್ದ ಹಾಗೇ ಬಚ್ಚಲ ಗೂಡಿನಲ್ಲಿಟ್ಟರು. ನಾನು ಚೂಡಿದಾರ ಮಡಚಿ ಕಾಲು ನೀಡಿ ಕೂತೆ. ಅಮ್ಮ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದರು.

ವೇದಿಕೆಯ ಮೇಲೆ ಎಂಥ ಸಭೆಯ ಮುಂದೆಯೂ ನಡುಗದ ಈ ಕೈಗಳ ಕತೆಯನ್ನು ಏನು ಹೇಳಲಿ. ಎಣ್ಣೆ ಹಚ್ಚಿದ ಕೂಸೆಂದರೆ ಮೂಳೆಯಿರುವ ಬೆಣ್ಣೆ. ಕತ್ತು ಹಿಡಿದರೆ ಕಾಲು ಜಾರುತ್ತದೆ, ಕಾಲು ಹಿಡಿದರೆ ಕತ್ತು ವಾಲುತ್ತದೆ. ನನ್ನ ಕಾಲುಗಳ ನಡುವೆ ಹಳ್ಳವೇ ಇಲ್ಲ, ಬರೀ ಸಂದಿ. ಕೂಸು ಊರಿಗೆಲ್ಲ ಕೇಳುವ ಹಾಗೆ ತನ್ನ ವಾದ ಮಂಡಿಸುತ್ತಿತ್ತು. ಹೊರಗೆ ಜಗಲಿಯಲ್ಲಿದ್ದ ಅಜ್ಜಿ ಯಾವಾಗ ಬಚ್ಚಲ ಬಾಗಿಲಿಗೆ ಬಂದರೋ ಕಾಣೆ. ನಾನು ಚಿಕ್ಕಂದಿನಲ್ಲಿ ಕೂರುತ್ತಿದ್ದ ಅದೇ ಮೂಲೆಯಲ್ಲಿ ನಿಂತು, ಮೊಣಕೈ ಕೆಳಗೆ ಕೊಡು, ಬೆನ್ನು ಮೇಲಿಂದ ಕೆಳಕ್ಕೆ ತೀಡು, ಅಯ್ಯೋ ಚಪಾತಿ ಹಿಟ್ಟಲ್ಲ ಅದು ಎಂದು ಒಂದೊಂದೇ ತಿದ್ದಿದರು. ತಿದ್ದುತ್ತ ತಿದ್ದುತ್ತ ಸೀರೆ ಮೇಲಕ್ಕೆ ಸರಿಸಿ ನನ್ನ ಪಕ್ಕ ಕಲ್ಲಿನ ಮೇಲೆ ಕೂತು ಕಾಲು ನೀಡಿದರು.

"ಇತ್ತ ಕೊಡು. ಕೂಸನ್ನ ಸಾಯಿಸ್ಬುಟ್ಟೀಯೆ."

ಕೊಟ್ಟೆ. ಕೂಸು ಆ ಹಳ್ಳದಲ್ಲಿ, ಎಷ್ಟೋ ಮಕ್ಕಳು ಮಲಗಿದ್ದ ಜಾಗದಲ್ಲಿ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಕೊಂಡಿತು. ಅಜ್ಜಿ ಎಣ್ಣೆಯ ಬಟ್ಟಲಿಗೆ ಕೈ ಹಾಕಿದರು. ಕೈ ನಡುಗುತ್ತಲೇ ಇತ್ತು. ಬೆನ್ನು, ತೋಳು, ಅಂಗಾಲು. ನಡುಗುವ ಅಂಗೈ ಹೋದಲ್ಲೆಲ್ಲ ಕೂಸಿನ ಅಳು ಒಂದೊಂದೇ ಮೆಟ್ಟಿಲು ಇಳಿಯಿತು. ತೀಡಿ ಮುಗಿಸಿ, ತಪ್ಪಲೆಯ ನೀರಿಗೆ ಮೊಣಕೈ ಅದ್ದಿ ನೋಡಿ, ಅಭ್ಯಾಸಬಲದಿಂದ ಗೂಡಿಗೆ ಕೈಚಾಚಿ ಕಲ್ಲನ್ನೆತ್ತಿಕೊಂಡರು. ಎತ್ತಿಕೊಂಡ ಮೇಲೆ ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಆಡಿತು, ಹುಣಸೆಹಣ್ಣು ಹಾಕಿ ತಿಕ್ಕುವಾಗ ಆಡುತ್ತ ಬಂದ ಹಾಗೆ. ಹುಣಸೆಹಣ್ಣಿರಲಿಲ್ಲ. ಬೆರಳ ತುಂಬ ಎಣ್ಣೆಯಿತ್ತು.

ಬೂದಿ ಬಣ್ಣ ಕರಗಿತು. ಬಚ್ಚಲ ಗವಾಕ್ಷಿಯಿಂದ ಇಳಿದ ಬೆಳಕಿನಲ್ಲಿ ಅಜ್ಜಿಯ ಅಂಗೈ ಮೇಲೆ ತಾಮ್ರದ ಕಿಡಿಗಳು ಎದ್ದವು.

ಬಾಗಿಲ ಹತ್ತಿರ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಕೋಣೆಯಿಂದ ಅಕ್ಕ, ಏನಾಯ್ತು, ಯಾಕೆ ಎಲ್ಲ ಸುಮ್ಮನಾದಿರಿ ಎಂದು ಕೂಗಿದಳು. ಅಜ್ಜಿ ಕಲ್ಲಿನಿಂದ ಕಣ್ಣು ಕೀಳದೆ ನನಗೆ ಹೇಳಿದರು, "ಏನೋ ಏಳಬೇಕು ಅಂತ ಬಾಯಿ ತಗದಿದ್ದೀಯ. ಬಿರ್ರನೆ ಏಳು, ನೀರು ಆರೋಯ್ತದೆ."

ಗೀರುಗಳೊಳಗೆ ಎಣ್ಣೆ ತುಂಬಿಕೊಂಡು ಮೈ ನುಣುಪಾಗಿದೆ, ಬೆಳಕು ಚದುರದೆ ನೇರ ಒಳಗೆ ಹೋಗುತ್ತಿದೆ, ಇಷ್ಟು ವರ್ಷವೂ ನೀರು ಮಾಡುತ್ತಿದ್ದದ್ದು ಇದನ್ನೇ ಎಂದು ಹೇಳಿದೆ.

"ಅಂಗಾರೆ ಎಣ್ಣೆ ಕೈ ಇದ್ರೆ ಸಾಕು."

"ಸಾಕು."

"ನಡುಗೋ ಕೈ ಆದ್ರೂವೆ?"

ನಾನು ಆ ಕೈಯನ್ನು ನೋಡಿದೆ. ಸುಮ್ಮನೆ ಹಿಡಿದರೆ ಮಿನುಗದ ಗಾಜು ಅದು. ಮಾರುಕಟ್ಟೆಯಾಗಲಿ ವೆನಿಸ್ ಆಗಲಿ, ಎಲ್ಲರೂ ಅದನ್ನು ಅತ್ತಿತ್ತ ತಿರುಗಿಸಿಯೇ ನೋಡಬೇಕು. ಅಜ್ಜಿ ತಿರುಗಿಸುತ್ತಲೇ ಇರಲಿಲ್ಲ. ಅವರ ಬೆರಳುಗಳ ನಡುಕಕ್ಕೆ ಒಂದೊಂದು ಕಿಡಿಯೂ ಹೊತ್ತಿ, ಆರಿ, ಪಕ್ಕದ್ದನ್ನು ಹೊತ್ತಿಸುತ್ತಿತ್ತು.

"ಅಲುಗಿದ್ರೇ ಅಜ್ಜಿ ಅದು ಮಿಣುಕೋದು" ಎಂದೆ. "ನೋಡು ನೀನೇ."

ಅಜ್ಜಿ ನೋಡಿದರು. ಬಹಳ ಹೊತ್ತು ನೋಡಿದರು. ಅಲ್ಲಿಯವರೆಗೂ ಅವರ ಮುಖದಲ್ಲಿ ನಾನು ಗೆದ್ದ ಯಾವ ವಾದಕ್ಕೂ ಅಂಥ ಒಪ್ಪಿಗೆ ಕಂಡಿರಲಿಲ್ಲ. ಆಮೇಲೆ ಕಲ್ಲನ್ನು ಮೆಲ್ಲಗೆ ತಪ್ಪಲೆಗೆ ಬಿಟ್ಟು, ಚೆಂಬು ಕೈಗೆತ್ತಿಕೊಂಡು, "ಕತ್ತಿನ ಕೆಳಗೆ ನಿನ್ ಕೈ ಕೊಡು. ಅಲುಗಬ್ಯಾಡ" ಎಂದರು.

ಕೈ ಕೊಟ್ಟೆ. ಮೊದಲ ಚೆಂಬಿನ ನೀರು ಕೂಸಿನ ಬೆನ್ನ ಮೇಲಿಂದ ನನ್ನ ಅಂಗೈಗೆ ಬೆಚ್ಚಗೆ ಇಳಿಯಿತು. ಕೂಸು ಒಮ್ಮೆ ಕಿರುಚಿ, ದಂಗಾಗಿ, ಕಣ್ಣು ಮುಚ್ಚಿತು.